ತೂತಿನ ಪೈಪು ಹೇಳುತ್ತದೆ, ಗದ್ದೆಗೆ ನೀರು ಕಟ್ಟುವ ದಿನ

ಒಂದು ಎಕರೆ ಗದ್ದೆಯಲ್ಲಿ 5 ಸೆಂ.ಮೀ. ನೀರು ನಿಲ್ಲಬೇಕಾದರೆ ಸುಮಾರು 2 ಲಕ್ಷ ಲೀಟರ್ ಬೇಕು. ನಾಟಿಯಿಂದ ಕೊಯ್ಲಿನವರೆಗೆ ಈ ಮಟ್ಟ ಇಳಿಯಗೊಡದೆ ಕಾಯುವುದೇ ಒಳ್ಳೆಯ ಬೇಸಾಯ ಎಂಬ ನಂಬಿಕೆ ಮಂಡ್ಯದಿಂದ ಸಿಂಧನೂರಿನವರೆಗೂ ಇದೆ. ಭತ್ತ ನಿಂತ ನೀರನ್ನು ತಾಳಿಕೊಳ್ಳುವ ಬೆಳೆ, ಅಷ್ಟೆ. ಸದಾ ಮುಳುಗಿರಲೇಬೇಕೆಂದಿಲ್ಲ. ಹೊಲಕ್ಕೆ ನಿಂತ ನೀರಿನಿಂದ ಆಗುವ ದೊಡ್ಡ ಉಪಕಾರವೆಂದರೆ ಕಳೆ ಅಡಗುವುದು.

ಅಪಕಾರ ಕಣ್ಣಿಗೆ ಕಾಣುವುದಿಲ್ಲ. ನೀರು ಮುಚ್ಚಿದ ಮಣ್ಣಿಗೆ ಗಾಳಿ ಇಳಿಯದು. ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಕೊಳೆಯುವ ಹುಲ್ಲು, ಬೇರನ್ನು ತಿಂದು ಮೀಥೇನ್ ಬಿಡುತ್ತವೆ. ಅದರಲ್ಲಿ ಹೆಚ್ಚಿನ ಪಾಲು ಭತ್ತದ ಕಾಂಡದೊಳಗಿನ ಗಾಳಿಕೊಳವೆಗಳ ಮೂಲಕವೇ ಮೇಲೇರಿ ವಾತಾವರಣ ಸೇರುತ್ತದೆ. 100 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು, 20 ವರ್ಷಗಳ ಲೆಕ್ಕದಲ್ಲಿ ಸುಮಾರು 80 ಪಟ್ಟು ಬಿಸಿ ಹಿಡಿದಿಡುವ ಅನಿಲ ಇದು. ಬಿಸಿ ಏರಿದಂತೆ ಮಳೆಯ ಲಯ ತಪ್ಪುತ್ತದೆ, ಪೆಟ್ಟು ಬೀಳುವುದು ಮತ್ತೆ ಗದ್ದೆಗೇ. 2023ರ ಆಗಸ್ಟ್ ದೇಶದ ಮಟ್ಟಿಗೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಗಿತ್ತು. ಆ ವರ್ಷ ಕೆಆರ್‌ಎಸ್ ತನ್ನ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ.

ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದಕ್ಕೊಂದು ಅಗ್ಗದ ಉಪಾಯ ರೂಢಿಗೆ ತಂದಿದೆ: ನೆಲದಲ್ಲಿ ಹೂತ ತೂತಿನ ಪೈಪು. ನೀರು ಕಟ್ಟಿ, ಇಂಗಲು ಬಿಟ್ಟು, ಪೈಪಿನೊಳಗಿನ ಮಟ್ಟ ನೋಡಿ ಮತ್ತೆ ಕಟ್ಟುವುದು. ಕೃಷಿ ಇಲಾಖೆಯವರು ಇದನ್ನು ಎಡಬ್ಲ್ಯುಡಿ (ಆಲ್ಟರ್ನೇಟ್ ವೆಟ್ಟಿಂಗ್ ಅಂಡ್ ಡ್ರೈಯಿಂಗ್, ಅಂದರೆ ಒಮ್ಮೆ ನೆನೆಸಿ ಒಮ್ಮೆ ಒಣಗಿಸುವುದು) ಎನ್ನುತ್ತಾರೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2019ರ ಲೆಕ್ಕಸೂತ್ರದಲ್ಲಿ ಸದಾ ನೀರು ನಿಂತ ಗದ್ದೆಯ ಮೀಥೇನ್ 1 ಎಂದಿಟ್ಟುಕೊಂಡರೆ, ಬೆಳೆಯ ನಡುವೆ ಒಮ್ಮೆ ಒಣಗಿಸಿದ ಗದ್ದೆಯದು 0.71, ಹಲವು ಸಲ ಒಣಗಿಸಿದ್ದರದು 0.55.

ಎಲ್ಲ ಕಡೆಗೂ ಇದು ಹೊಂದುವುದಿಲ್ಲ. ಕರಾವಳಿ, ಮಲೆನಾಡಿನ ಮುಂಗಾರು ಗದ್ದೆಯಲ್ಲಿ ಮಳೆ ನೀರನ್ನು ಇಳಿಯಗೊಡದು, ಪೈಪು ಹೂತರೂ ವ್ಯರ್ಥ. ಅಲ್ಲಿ ಬೇಸಿಗೆಯ ಬೆಳೆಗಷ್ಟೇ ಇದು. ತುಂಗಭದ್ರಾ ಅಚ್ಚುಕಟ್ಟಿನ ಸವಳು ನೆಲದಲ್ಲಂತೂ ಮಾಡಲೇಬೇಡಿ. ಒಣಗಿದಷ್ಟೂ ಉಪ್ಪು ಬೇರಿನ ಮಟ್ಟಕ್ಕೆ ಏರುತ್ತದೆ.

ಗದ್ದೆ ಸಿದ್ಧತೆ

ಕೆಸರು ಮಾಡುವಾಗಲೇ ಮಡಿ ಸಮ ಮಾಡಿಕೊಳ್ಳಿ, ಬದುವಿನ ಏಡಿ ತೂತು ಮೆತ್ತಿ. ಒಂದೇ ಮಡಿಯಲ್ಲಿ 5 ಸೆಂ.ಮೀ.ಗಿಂತ ಹೆಚ್ಚು ಏರುಪೇರಿದ್ದರೆ ಒಂದು ಮೂಲೆ ಬಿರಿಯುವಾಗ ಇನ್ನೊಂದು ಮೂಲೆ ನೀರಲ್ಲೇ ಇರುತ್ತದೆ.

ಕೂಳೆ, ಹುಲ್ಲನ್ನು ಮಣ್ಣಿಗೆ ಸೇರಿಸುವುದಿದ್ದರೆ ನೀರು ನಿಲ್ಲಿಸುವುದಕ್ಕೆ 30 ದಿನ ಮೊದಲೇ ಉತ್ತು ಬಿಡಿ. ಹಸಿ ಹುಲ್ಲನ್ನು ಕೆಸರಿಗೆ ತುಳಿದು ಮರುವಾರ ನಾಟಿ ಮಾಡಿದರೆ ಮೀಥೇನ್ ಮಾಡುವ ಜೀವಿಗಳಿಗೆ ಊಟ ಬಡಿಸಿದಂತೆ. ಅದೇ ಹುಲ್ಲು ಒಣ ನೆಲದಲ್ಲಿ ತಿಂಗಳು ಕಳಿತಿದ್ದರೆ ಅದರ ಪ್ರಭಾವ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ.

ಪೈಪು

4 ಇಂಚಿನ ಪಿವಿಸಿ ಪೈಪೇ ಆಗಬೇಕು. 2 ಇಂಚಿನದು ಅಗ್ಗವೇನೋ ಹೌದು, ಆದರೆ ಒಳಗಿನ ಕೆಸರು ತೆಗೆಯಲು ಕೈ ಹೋಗುವುದಿಲ್ಲ. ತಂಪು ಪಾನೀಯದ ಬಾಟಲಿ ಕತ್ತರಿಸಿ ಹೂಳುವವರಿದ್ದಾರೆ. ಕೆಸರು ಒಣಗುತ್ತ ಬಿಗಿದಾಗ ಅದು ಸೊಟ್ಟಗಾಗುತ್ತದೆ. ದಪ್ಪ ಬಿದಿರು ಸಿಕ್ಕರೆ ಒಳಗಿನ ಗಂಟು ಒಡೆದು ಬಳಸಬಹುದು. ಮೊಬೈಲಿಗೆ ಸಂದೇಶ ಕಳಿಸುವ ಸೆನ್ಸರ್ ಯಂತ್ರಗಳೂ ಮಾರುಕಟ್ಟೆಗೆ ಬಂದಿವೆ. ದಿನಕ್ಕೊಮ್ಮೆ ಗದ್ದೆ ಕಡೆ ಹೋಗುವವರಿಗೆ ಅದು ದಂಡದ ಖರ್ಚು.

30 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಕೆಳಗಿನ 20 ಸೆಂ.ಮೀ. ಭಾಗಕ್ಕೆ ಮಾತ್ರ ಸುತ್ತಲೂ 5 ಮಿ.ಮೀ. ತೂತುಗಳು, ಒಂದಕ್ಕೊಂದು 2 ಸೆಂ.ಮೀ. ದೂರ. ಲೆಕ್ಕ ಹಾಕಿದರೆ ಸುಮಾರು 160 ತೂತು ಬರುತ್ತವೆ. ಬೇಸರಪಟ್ಟು ಇಪ್ಪತ್ತು ತೂತು ಹಾಕಿ ಮುಗಿಸಿದ ಪೈಪು ಒಂದೇ ವಾರದಲ್ಲಿ ಕೆಸರು ಕಟ್ಟಿ ಕುರುಡಾಗುತ್ತದೆ. ಸೊಳ್ಳೆಪರದೆ ಸುತ್ತುವ ಸಲಹೆಯನ್ನೂ ಕೇಳಬೇಡಿ. ಎರೆಮಣ್ಣಿನ ನುಣುಪು ಕೆಸರು ಮೊದಲು ಮುಚ್ಚುವುದೇ ಆ ಪರದೆಯನ್ನು.

ಹೂಳುವುದು: ಎಡವುವುದು ಇಲ್ಲೇ

ನಾಟಿಯಾಗಿ ವಾರ, ಹತ್ತು ದಿನಗಳೊಳಗೆ, ನೆಲ ಮೆದುವಾಗಿರುವಾಗಲೇ ಹೂಳಬೇಕು.

ಮೊದಲು ಜಾಗ. ನೀರು ಇಳಿಯುತ್ತಿರುವ ದಿನ ಬದುವಿನ ಮೇಲೆ ನಿಂತು ನೋಡಿ. ಮೊದಲು ಬರಿದಾಗುವ ದಿಬ್ಬ ಬೇಡ, ಕೊನೆಯವರೆಗೂ ನೀರು ನಿಲ್ಲುವ ತಗ್ಗೂ ಬೇಡ. ಇವೆರಡರ ನಡುವಿನ ಮಟ್ಟದಲ್ಲಿ, ಬದುವಿನಿಂದ ಒಂದು ಮೀಟರ್ ಗದ್ದೆಯೊಳಕ್ಕೆ ಇರಲಿ. ನಡುಗದ್ದೆಯಲ್ಲಿ ಹೂತರೆ ನಾಲ್ಕು ದಿನ ಹೋಗಿ ನೋಡುತ್ತೀರಿ, ಐದನೆಯ ದಿನ ಬದುವಿನಿಂದಲೇ ಅಂದಾಜು ಮಾಡುತ್ತೀರಿ. ನೀರು ಬೀಳುವ ಬಾಯಿಯ ಹತ್ತಿರವೂ ಬೇಡ. ಸಮನಾದ ಗದ್ದೆಗೆ ಎಕರೆಗೊಂದು ಸಾಕು, ಎತ್ತರ ಬೇರೆ ಬೇರೆಯಿದ್ದರೆ ಮಡಿಗೊಂದು.

ಆಮೇಲೆ ಆಳ. ಕಬ್ಬಿಣದ ಸರಳು ಚುಚ್ಚಿ ನೋಡಿ. ವರ್ಷವರ್ಷ ಕೆಸರು ತುಳಿದ ಗದ್ದೆಯಲ್ಲಿ 15ರಿಂದ 20 ಸೆಂ.ಮೀ. ಕೆಳಗೆ ಗಟ್ಟಿ ಪದರ ಸಿಗುತ್ತದೆ. ಗದ್ದೆಯ ನೀರನ್ನು ಹಿಡಿದಿಟ್ಟಿರುವುದು ಅದೇ, ಪೈಪು ಅದನ್ನು ತೂರಿ ಹೋಗಬಾರದು. ತೂರಿದರೆ ಪೈಪಿನ ನೀರು ಕೆಳಕ್ಕೆ ಸೋರಿ, ಗದ್ದೆ ಒದ್ದೆಯಿದ್ದರೂ ಪೈಪು ಒಣಗಿದೆ ಎಂದು ಸುಳ್ಳು ಹೇಳುತ್ತದೆ. ಪದರ ಮೇಲೆಯೇ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಇಲ್ಲದಿದ್ದರೆ ತೂತಿರುವ 20 ಸೆಂ.ಮೀ. ಪೂರ್ತಿ ಒಳಗಿಳಿದು 10 ಸೆಂ.ಮೀ. ಮೇಲಿರಲಿ. ಪೈಪಿನ ಬಾಯಿಗೆ ಹಲಗೆ ಅಡ್ಡ ಇಟ್ಟು ನೇರವಾಗಿ ಒತ್ತಿ. ಸುತ್ತಿಗೆಯಲ್ಲಿ ಬಡಿದರೆ ಬಾಯಿ ಸೀಳುತ್ತದೆ.

ಈಗ ಕೈ ಹಾಕಿ ಒಳಗಿನ ಮಣ್ಣನ್ನು ತಳದವರೆಗೂ ತೆಗೆಯಿರಿ. ಹಲವರು ಇದನ್ನು ಬಿಟ್ಟೇ ಬಿಡುತ್ತಾರೆ. ಮಣ್ಣು ತುಂಬಿದ ಪೈಪಿನಲ್ಲಿ ನೀರಿನ ಮಟ್ಟ ಕಾಣುವುದಾದರೂ ಹೇಗೆ? ತೆಗೆದ ಕೆಸರನ್ನು ಪೈಪಿನ ಹೊರಗೆ ಸುತ್ತಲೂ ಒತ್ತಿ, ಸಂದು ಮುಚ್ಚಿ.

ಇನ್ನು ಪರೀಕ್ಷೆ. ಗದ್ದೆಗೆ ನೀರು ಕಟ್ಟಿ ಮೂರು ಗಂಟೆ ಬಿಟ್ಟು ಬನ್ನಿ. ಒಳಗೂ ಹೊರಗೂ ಮಟ್ಟ ಒಂದೇ ಇರಬೇಕು. ಒಳಗೆ ತೀರಾ ಕಡಿಮೆಯಿದ್ದರೆ ತೂತು ಕಟ್ಟಿವೆ, ಕಿತ್ತು ತೊಳೆದು ಮತ್ತೆ ಹೂಳಿ. ಜಿಗುಟು ಎರೆಮಣ್ಣಾದರೆ ಅರ್ಧ ದಿನ ಕಾಯಬೇಕಾಗಬಹುದು. ಬಾಯಿಗೆ ಸಡಿಲ ಮುಚ್ಚಳ ಇಟ್ಟರೆ ಏಡಿ ಬೀಳುವುದಿಲ್ಲ.

ಅಳೆಯುವುದು

ಪೈಪು ನೆಲದ ಮೇಲೆ 10 ಸೆಂ.ಮೀ. ಇದ್ದರೆ, ಒಣ ಬಿದಿರು ಕಡ್ಡಿಗೆ 25 ಸೆಂ.ಮೀ.ಗೆ ಗುರುತು ಹಾಕಿ. ಪೈಪಿನ ಬಾಯಿಯಿಂದ ಅಷ್ಟು ಕೆಳಗೆ ನೀರು ಇಳಿದಿದೆ ಎಂದರೆ ನೆಲಮಟ್ಟದಿಂದ 15 ಸೆಂ.ಮೀ. ಇಳಿದಿದೆ. ಅವತ್ತೇ ನೀರು ಕಟ್ಟುವ ದಿನ. ಬಾಯಿಯಿಂದ 15 ಎಂದು ತಪ್ಪು ಲೆಕ್ಕ ಹಾಕಿದರೆ ನೀರು ನೆಲದಿಂದ ಬರೀ 5 ಸೆಂ.ಮೀ. ಇಳಿದಿರುವಾಗಲೇ ಮತ್ತೆ ಕಟ್ಟಿರುತ್ತೀರಿ. ಕಳೆ ತೆಗೆಸಿದ ಮೇಲೆ ಪೈಪು ಎಷ್ಟು ಮೇಲಿದೆ ಎಂದು ಮತ್ತೊಮ್ಮೆ ಅಳೆಯಿರಿ, ಕಾಲು ತಾಗಿ ಕುಸಿದಿರುತ್ತದೆ.

15 ಸೆಂ.ಮೀ. ಕೆಳಗಿಳಿದರೂ ಭತ್ತದ ಬೇರಿಗೆ ತೇವ ಸಿಗುತ್ತಿರುತ್ತದೆ, ಇಳುವರಿ ಕುಗ್ಗುವುದಿಲ್ಲ. ಆದರೂ ಎರೆಭೂಮಿಯಲ್ಲಿ ಮೊದಲ ಹಂಗಾಮಿಗೆ 10 ಸೆಂ.ಮೀ.ಗೇ ನಿಲ್ಲಿ. ಕೂದಲೆಳೆಯ ಬಿರುಕು ಬಿಡಲಿ, ಹೆದರಬೇಡಿ. ಬೆರಳು ಹೋಗುವಷ್ಟು ಬಿರಿಯಿತೋ, ಮುಂದಿನ ನೀರೆಲ್ಲ ಆ ಬಿರುಕಿನಲ್ಲೇ ಇಳಿದು ಮೊದಲಿಗಿಂತ ಹೆಚ್ಚು ಖರ್ಚಾಗುತ್ತದೆ.

ವಾರಕ್ಕೊಮ್ಮೆ, ಐದು ದಿನಕ್ಕೊಮ್ಮೆ ಎಂದು ಕ್ಯಾಲೆಂಡರ್ ಹಾಕಿಕೊಳ್ಳಬೇಡಿ. ಮರಳು ಮಿಶ್ರಿತ ಮಣ್ಣಿನಲ್ಲಿ ಎರಡೇ ದಿನಕ್ಕೆ ಇಳಿದೀತು, ಮೋಡ ಕವಿದ ವಾರದಲ್ಲಿ ಹತ್ತು ದಿನವಾದರೂ ಇಳಿಯದು. ಕೊಳವೆಬಾವಿಯವರು ಇನ್ನೊಂದು ಕೆಲಸ ಮಾಡಬೇಕು: ಆಟೋ ಸ್ಟಾರ್ಟರ್ ಬಂದ್ ಮಾಡುವುದು. ನಡುರಾತ್ರಿ ಕರೆಂಟು ಬಂದ ಕೂಡಲೇ ಮೋಟರು ತಾನೇ ಓಡಿ ಗದ್ದೆ ತುಂಬಿಸುತ್ತಿದ್ದರೆ ಪೈಪಿನ ಮಾತು ಕೇಳುವವರ್ಯಾರು? ಕಾಲುವೆಯಲ್ಲಿ ಕಟ್ಟು ನೀರು ಬರುವ ಕಡೆ, ಮುಂದಿನ ಸರದಿ ಹತ್ತು ದಿನಕ್ಕಿಂತ ದೂರವಿದ್ದರೆ ಪೈಪು ಏನೇ ಹೇಳಲಿ, ನೀರು ಹಾಯಿಸಿಕೊಳ್ಳಿ.

ಯಾವಾಗ ಒಣಗಿಸಬಾರದು

ನಾಟಿಯಾದ ಮೊದಲ ಎರಡು ವಾರ ನೀರು ನಿಂತಿರಲಿ. ಕಳೆ ಜಾಸ್ತಿಯಿರುವ ಗದ್ದೆಯಲ್ಲಿ ಮೂರು ವಾರ. ಆತುರಪಟ್ಟು ಐದನೆಯ ದಿನವೇ ಒಣಗಿಸಿದವರ ಗದ್ದೆಯಲ್ಲಿ ಭತ್ತಕ್ಕಿಂತ ಮೊದಲು ಹುಲ್ಲು ತೆಂಡೆ ಒಡೆಯುತ್ತದೆ.

ಎರಡನೆಯ ಅವಧಿ ಹೂ ಬರುವ ಕಾಲ. ಹೂವಿಗೆ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ 5 ಸೆಂ.ಮೀ. ನೀರು ಕಡ್ಡಾಯ. ಆಗ ಬಾಯಾರಿದರೆ, ಅದರ ಜೊತೆ 35 ಡಿಗ್ರಿ ದಾಟಿದ ಬಿಸಿಲೂ ಸೇರಿದರೆ, ಕಾಳು ಜೊಳ್ಳು. ದಿನ ಎಣಿಸುವುದು ಸುಲಭ: ತಳಿಯ ಅವಧಿಯಿಂದ 30 ಕಳೆಯಿರಿ. 120 ದಿನದ ಎಂಟಿಯು 1010 ಬಿತ್ತಿದ 90ನೆಯ ದಿನದ ಸುಮಾರಿಗೆ ಹೂ ಬಿಡುತ್ತದೆ, 145 ದಿನದ ಬಿಪಿಟಿ 5204 ಆದರೆ 115ರ ಸುಮಾರಿಗೆ. ಎಣಿಕೆ ಬೀಜ ಬಿತ್ತಿದ ದಿನದಿಂದ, ನಾಟಿಯ ದಿನದಿಂದಲ್ಲ. ಈ ಗೊಂದಲದಲ್ಲೇ ಮೂರು ವಾರ ತಪ್ಪುವವರುಂಟು. ಹೊಡೆ ಉಬ್ಬಿದ್ದು ಕಂಡರೆ ಲೆಕ್ಕ ಮರೆತು ನೀರು ಕಟ್ಟಿ.

ಯೂರಿಯಾ

ನಿಂತ ನೀರಿಗೆ ಯೂರಿಯಾ ಎರಚಿದರೆ ಒಂದಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ. ಪೈಪಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಇಳಿದ ದಿನ, ತೇವದ ನೆಲಕ್ಕೆ ಎರಚಿ, ತಕ್ಷಣ ನೀರು ಕಟ್ಟಿ. ಗೊಬ್ಬರ ನೀರಿನೊಂದಿಗೆ ಬೇರಿಗಿಳಿಯುತ್ತದೆ. ಆಮೇಲೆ ನಾಲ್ಕೈದು ದಿನ ಒಣಗಿಸಬೇಡಿ. ಗೊಬ್ಬರ ಹಾಕಿದ ಬೆನ್ನಿಗೇ ಒಣಗಿಸಿ ನೆನೆಸಿದರೆ ಸಾರಜನಕ ನೈಟ್ರಸ್ ಆಕ್ಸೈಡ್ ಆಗಿ ಹೊರಬೀಳುತ್ತದೆ. ಅದು ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಹಿಡಿಯುವ ಅನಿಲ, ಮೀಥೇನ್‌ನಲ್ಲಿ ಉಳಿಸಿದ್ದರಲ್ಲಿ ಒಂದು ಪಾಲನ್ನು ಇಲ್ಲಿ ಕಳೆದುಕೊಳ್ಳುತ್ತೀರಿ. ಎಲೆ ಬಣ್ಣದ ಪಟ್ಟಿ ಹಿಡಿದು ನೋಡಿ, ಹಸಿರು ಸಾಕಷ್ಟಿದ್ದರೆ ಆ ಕಂತನ್ನೇ ಬಿಡಿ.

ಮೀಥೇನ್ ತಗ್ಗಿಸಿದ್ದಕ್ಕೆ ಕಾರ್ಬನ್ ಕ್ರೆಡಿಟ್ ದುಡ್ಡು ಬರುತ್ತದೆ ಎಂದು ಕಾಗದ ಹಿಡಿದು ಬರುವವರು ಸಿಕ್ಕರೆ ದಿನಾಂಕ, ಪೈಪಿನ ಅಳತೆ, ಫೋಟೊ ಬರೆದಿಟ್ಟುಕೊಳ್ಳಿ, ಆದರೆ ಆ ದುಡ್ಡು ನೆಚ್ಚಿ ಸಾಲ ಮಾಡಬೇಡಿ. ಕ್ರೆಡಿಟ್‌ಗಳಿಗೆ ಮಾನ್ಯತೆ ಕೊಡುವ ವೆರ್ರಾ ಸಂಸ್ಥೆಯೇ 2024ರಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಿತು. ನಿಮ್ಮ ಲಾಭ ಉಳಿದ ನೀರಿನಲ್ಲಿದೆ. ಸರಿಯಾಗಿ ಮಾಡಿದರೆ ಶೇಕಡಾ 30ರವರೆಗೂ ಉಳಿಯುತ್ತದೆ.

ಕೊಯ್ಲಿಗೆ 10ರಿಂದ 15 ದಿನ ಮೊದಲು ನೀರು ನಿಲ್ಲಿಸಿ. ಕಂಬೈನ್ ಹಾರ್ವೆಸ್ಟರ್ ಗದ್ದೆಗೆ ಇಳಿಯುವ ಮುನ್ನ ಪೈಪು ಕಿತ್ತಿಡಿ. ಮಾಗಿದ ಪೈರಿನ ನಡುವೆ ಅದು ಕಾಣುವುದಿಲ್ಲ, ಯಂತ್ರದ ಚೈನಿನಡಿ ಪುಡಿಯಾಗುತ್ತದೆ. ಹೂಳುವ ದಿನವೇ ಪಕ್ಕದ ಬದುವಿನ ಮೇಲೆ ಬಟ್ಟೆ ಕಟ್ಟಿದ ಒಂದು ಗೂಟ ನೆಟ್ಟಿದ್ದರೆ ಹುಡುಕಾಟ ತಪ್ಪುತ್ತದೆ.