ಪ್ರವೇಶ ಪರೀಕ್ಷೆಗೆ ಪುಸ್ತಕ ಆರಿಸುವ ಮುನ್ನ

ಮೊದಲು ಪರೀಕ್ಷೆ ನಡೆಸುವ ಸಂಸ್ಥೆಯ ಜಾಲತಾಣದಿಂದ ಈ ವರ್ಷದ ಪಠ್ಯಕ್ರಮ ಇಳಿಸಿಕೊಂಡು ಪ್ರಿಂಟ್ ತೆಗೆದುಕೊಳ್ಳಿ. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಪುಸ್ತಕದ ಪರಿವಿಡಿ ನೋಡಬೇಕು. ಹಳೆಯ ಆವೃತ್ತಿಯಲ್ಲಿ ಕೈಬಿಟ್ಟ ಅಧ್ಯಾಯಗಳು ಹಾಗೇ ಉಳಿದಿರುತ್ತವೆ, ಹೊಸದಾಗಿ ಸೇರಿದ್ದು ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವವರು ಎಡವುವುದು ಇಲ್ಲೇ.

ಒಂದು ವಿಷಯಕ್ಕೆ ಒಂದು ಪಠ್ಯಪುಸ್ತಕ, ಒಂದು ಅಭ್ಯಾಸ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳು ಸಾಕು. ನಾಲ್ಕನೆಯದು ಕಪಾಟಿಗೆ ಭಾರ ಅಷ್ಟೇ.

ಅಭ್ಯಾಸ ಪುಸ್ತಕವನ್ನು ಮಾತ್ರ ಕೊಳ್ಳುವ ಮೊದಲೇ ಪರೀಕ್ಷಿಸಿ. ನಿಮಗೆ ಚೆನ್ನಾಗಿ ಗೊತ್ತಿರುವ ಅಧ್ಯಾಯದ 10 ಪ್ರಶ್ನೆ ಬಿಡಿಸಿ, ಉತ್ತರ ಹೋಲಿಸಿ. ಎರಡು ಕಡೆ ಪುಸ್ತಕದ ಉತ್ತರವೇ ತಪ್ಪಿದ್ದರೆ ಅದು ಬೇಡ. ಗೊತ್ತಿಲ್ಲದ ಅಧ್ಯಾಯದಲ್ಲಿ ಅಂಥ ತಪ್ಪನ್ನೇ ಸರಿಯೆಂದು ಕಲಿತುಬಿಡುತ್ತೀರಿ. ಬರೀ ಎ, ಬಿ, ಸಿ ಎಂದು ಉತ್ತರ ಕೊಟ್ಟಿದ್ದರೂ ಪ್ರಯೋಜನ ಕಡಿಮೆ. ಬಿಡಿಸಿದ ಹಂತಗಳಿದ್ದರೆ ಮಾತ್ರ ಎಲ್ಲಿ ಜಾರಿದಿರೆಂದು ತಿಳಿಯುತ್ತದೆ.

ಹಳೆಯ ಪತ್ರಿಕೆಗಳನ್ನು ಅಧ್ಯಾಯವಾರು ವಿಂಗಡಿಸಿದ ಸಂಗ್ರಹ ಕಲಿಯುವಾಗ ಅನುಕೂಲ. ಆದರೆ ತಲೆಬರಹವೇ ಯಾವ ಸೂತ್ರ ಬೇಕೆಂದು ಹೇಳಿಬಿಡುತ್ತದೆ, ಪರೀಕ್ಷೆಯಲ್ಲಿ ಆ ಸುಳಿವು ಸಿಗುವುದಿಲ್ಲ. ಹಾಗಾಗಿ ಇಡೀ ಪತ್ರಿಕೆಗಳನ್ನೂ ಅಧಿಕೃತ ಉತ್ತರಸೂಚಿಯೊಂದಿಗೆ ಇಟ್ಟುಕೊಳ್ಳಿ. ಇತ್ತೀಚಿನ ಎರಡನ್ನು ಕೊನೆಯ ತಿಂಗಳವರೆಗೆ ಮುಟ್ಟಬೇಡಿ.

ಅಣಕು ಪರೀಕ್ಷೆಗಳಲ್ಲಿ ಪ್ರಶ್ನೆಗಳ ಸಂಖ್ಯೆ, ಸಮಯ, ತಪ್ಪು ಉತ್ತರಕ್ಕೆ ಅಂಕ ಕಡಿತದ ನಿಯಮ ಮೂರೂ ನಿಜವಾದ ಪರೀಕ್ಷೆಯಂತೆಯೇ ಇರಲಿ. ಪರೀಕ್ಷೆ ಕಂಪ್ಯೂಟರ್‌ನಲ್ಲಿ ನಡೆಯುವುದಾದರೆ ಅಭ್ಯಾಸವೂ ಪರದೆಯ ಮೇಲೇ ಆಗಬೇಕು, ಮೊಬೈಲಿನಲ್ಲಲ್ಲ.