ಮೂರು ಮಷಿನ್, ಒಂದೂ ಸ್ಟ್ರಿಪ್ ಇಲ್ಲ: ಜಿಲ್ಲೆಯ ಆರೋಗ್ಯ ಬಜೆಟ್ ಜೋಡಿಸಿದ ನನ್ನ ಅನುಭವ

ಆರೋಗ್ಯ ಉಪಕೇಂದ್ರವೊಂದರಲ್ಲಿ ಅಲ್ಮೇರಾದ ಬೀಗ ತೆಗೆದು ಸಿಸ್ಟರ್, ರಕ್ತದ ಸಕ್ಕರೆ ಅಳೆಯುವ ಮೂರು ಗ್ಲುಕೋಮೀಟರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರೂ ಬೇರೆ ಬೇರೆ ಕಂಪನಿಯವು. ಒಂದರ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿರಲಿಲ್ಲ. “ಮಷಿನ್ ಮೂರು ಅದಾವ್ರಿ ಸರ, ಸ್ಟ್ರಿಪ್ ಒಂದೂ ಇಲ್ರಿ. ಒಂದರದು ಇನ್ನೊಂದಕ್ಕ ಹೊಂದಂಗಿಲ್ರಿ” ಅಂದರು. ಸಕ್ಕರೆ ಪರೀಕ್ಷೆಗೆಂದು ಬಂದ ಏಳೆಂಟು ಹೆಂಗಸರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಬಿಪಿ ಅಷ್ಟೇ ನೋಡಿಸಿಕೊಂಡು ಎದ್ದು ಹೋದರು.

ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆಯ ಆರೋಗ್ಯ ಕಚೇರಿಯಲ್ಲಿ ಯೋಜನೆ, ಲೆಕ್ಕ ಎರಡನ್ನೂ ನೋಡಿಕೊಳ್ಳುವವನು ನಾನು. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆ ತಪಾಸಣೆ ಆಗಬೇಕೆಂಬುದು ರಾಷ್ಟ್ರೀಯ ಆದ್ಯತೆ. ಅದಕ್ಕೆ ನಮ್ಮಲ್ಲಿ ಹಣ ಇತ್ತು, ಖರ್ಚೂ ಆಗಿತ್ತು, ಬಳಕೆ ಪ್ರಮಾಣಪತ್ರವೂ ಹೋಗಿತ್ತು. ಆ ಪ್ರಮಾಣಪತ್ರ ತಯಾರಿಸಿದವನು ನಾನೇ. ಅಂದು ಜೀಪಿನಲ್ಲಿ ವಾಪಸ್ ಬರುವಾಗ ನನಗೆ ಮಾತು ಹೊರಡಲಿಲ್ಲ.

ಆರೋಗ್ಯ ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯ. ಆದರೆ ಗುರಿಗಳು ಬಹುಪಾಲು ದೆಹಲಿಯಿಂದ ಬರುತ್ತವೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, ರಾಜ್ಯಗಳು ತಮ್ಮ ಬಜೆಟ್ಟಿನ ಶೇ. 8ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಕೊಡಬೇಕು, ಒಟ್ಟು ಹಣದ ಮೂರನೇ ಎರಡು ಭಾಗ ಪ್ರಾಥಮಿಕ ಆರೈಕೆಗೆ ಹೋಗಬೇಕು ಎನ್ನುತ್ತದೆ. ಜಿಲ್ಲೆಗೆ ಬರುವಾಗ ಮಾತ್ರ ಈ ಹಣ ಒಂದೇ ದಾರಿಯಲ್ಲಿ ಬರುವುದಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ್ದು ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ. ರಾಜ್ಯದ ಸ್ವಂತ ಹಣ ಬೇರೆ ಲೆಕ್ಕಶೀರ್ಷಿಕೆಯಲ್ಲಿ. ಜಿಲ್ಲಾ ಪಂಚಾಯಿತಿಯದು ಲಿಂಕ್ ಡಾಕ್ಯುಮೆಂಟ್‌ನಲ್ಲಿ, ಅಂದರೆ ರಾಜ್ಯ ಬಜೆಟ್ಟಿನಿಂದ ಪಂಚಾಯಿತಿಗಳಿಗೆ ಹೋಗುವ ಹಣದ ಪಟ್ಟಿಯಲ್ಲಿ. 15ನೇ ಹಣಕಾಸು ಆಯೋಗದ ಆರೋಗ್ಯ ಅನುದಾನ (2021–26) ಸ್ಥಳೀಯ ಸಂಸ್ಥೆಗಳ ಲೆಕ್ಕದಲ್ಲಿ. ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಇದೆ. ಆ ಮೂರು ಗ್ಲುಕೋಮೀಟರ್‌ಗಳು ಬಂದದ್ದು ಇಂಥ ಮೂರು ದಾರಿಗಳಿಂದ. ಖರೀದಿಸಿದ ಮೂವರೂ ತಮ್ಮ ಮಾರ್ಗಸೂಚಿಯಂತೆ ಸರಿಯಾಗಿಯೇ ಖರೀದಿಸಿದ್ದರು. ಸ್ಟ್ರಿಪ್ ಇನ್ನೊಬ್ಬರ ಬಾಬತ್ತಿನಲ್ಲಿ ಬರುತ್ತದೆ ಎಂದು ಮೂವರೂ ನಂಬಿದ್ದರು.

ನಾನು ಮಾಡಿದ ಕೆಲಸ ಹೇಳಲು ಸಣ್ಣದು. ಎಕ್ಸೆಲ್ ಹಾಳೆಯೊಂದರಲ್ಲಿ ಸಾಲಿಗೆ ಲೆಕ್ಕಶೀರ್ಷಿಕೆಯ ಬದಲು ಕೆಲಸದ ಹೆಸರು ಬರೆದೆ. ‘ಮಧುಮೇಹ ತಪಾಸಣೆ’ ಎಂದಲ್ಲ. ‘ಉಪಕೇಂದ್ರದಲ್ಲಿ ಒಬ್ಬರ ಬೆರಳು ಚುಚ್ಚಿ ಸಕ್ಕರೆ ನೋಡುವುದು’ ಎಂದು. ಅದರ ಕೆಳಗೆ ಮಷಿನ್, ಸ್ಟ್ರಿಪ್, ಬೆರಳು ಚುಚ್ಚುವ ಲ್ಯಾನ್ಸೆಟ್, ಸ್ಪಿರಿಟ್ ಹತ್ತಿ, ಬ್ಯಾಟರಿ, ನಂತರ ತಿಂಗಳು ತಿಂಗಳು ಕೊಡಬೇಕಾದ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್. ಅಡ್ಡಕ್ಕೆ ಐದೂ ಮೂಲಗಳು. ಯಾವ ವಸ್ತುವಿಗೆ ಯಾರು ಎಷ್ಟು ಕೊಡುತ್ತಾರೆಂದು ತುಂಬುತ್ತಾ ಹೋದೆ.

ತುಂಬುವುದಕ್ಕೇ ಮೂರು ವಾರ ಹಿಡಿಯಿತು. ಜಿಲ್ಲಾ ಪಂಚಾಯಿತಿಯ ಲೆಕ್ಕದ ವಿಭಾಗದಲ್ಲಿ ಮೊದಲ ದಿನ ಕಡತ ಕೊಡಲು ಹಿಂಜರಿದರು. ನಾನು ತಪ್ಪು ಹುಡುಕಲು ಬಂದಿದ್ದೇನೆಂದುಕೊಂಡಿದ್ದರು. ನನ್ನ ಹಾಳೆಯನ್ನೇ ಮೊದಲು ಅವರ ಮುಂದಿಟ್ಟು, ನಮ್ಮ ಕಚೇರಿ ಎಡವಿದ ಸಾಲುಗಳನ್ನು ತೋರಿಸಿದ ಮೇಲೆ ಅಲ್ಲಿನ ಹಿರಿಯರೊಬ್ಬರು ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಕೂತರು. ಈ ಕೆಲಸಕ್ಕೆ ಕೈಹಾಕುವವರಿಗೆ ನಾನು ಹೇಳುವುದು ಇದನ್ನೇ: ಪರರ ಲೆಕ್ಕ ಕೇಳುವ ಮೊದಲು ನಿಮ್ಮದನ್ನು ಬಿಚ್ಚಿಡಿ.

ಹಾಳೆ ತುಂಬಿದಾಗ ಕಂಡದ್ದು ಸ್ಪಷ್ಟವಾಗಿತ್ತು. ಕಣ್ಣಿಗೆ ಕಾಣುವ, ಉದ್ಘಾಟನೆ ಮಾಡಬಹುದಾದ ವಸ್ತುಗಳಿಗೆ ಎರಡು ಮೂರು ಕಡೆಯಿಂದ ಹಣ. ದಿನಬಳಕೆಯಲ್ಲಿ ಮುಗಿದುಹೋಗುವುದಕ್ಕೆ ಎಲ್ಲೂ ಇಲ್ಲ, ಇದ್ದರೂ ಅರ್ಧ ವರ್ಷಕ್ಕೆ. ಪ್ರತಿ ವರ್ಷ ಹಳೆಯ ಅಂಕಿಗೆ ಹತ್ತು ಪರ್ಸೆಂಟ್ ಸೇರಿಸಿ ಪ್ರಸ್ತಾವನೆ ಕಳಿಸುತ್ತಿದ್ದುದರಿಂದ ಈ ತೂತು ಮುಚ್ಚಲೇ ಇಲ್ಲ. ಆ ವರ್ಷದ ಮಟ್ಟಿಗೆ ಉಪಕೇಂದ್ರಗಳ ಅನ್‌ಟೈಡ್ ಹಣದಲ್ಲಿ, ಅಂದರೆ ಇಂಥದ್ದಕ್ಕೇ ಎಂದು ಕಟ್ಟಿಹಾಕದ ಹಣದಲ್ಲಿ, ಸ್ಟ್ರಿಪ್ ಕೊಂಡೆವು. ಆರೋಗ್ಯ ಅಭಿಯಾನಕ್ಕೆ ಕಳಿಸುವ ಮುಂದಿನ ಯೋಜನಾ ಪ್ರಸ್ತಾವನೆಯಲ್ಲಿ (ಪಿಐಪಿ) ಅಲ್ಲಿಂದ ಮಷಿನ್ ಕೇಳುವುದನ್ನೇ ಬಿಟ್ಟು, ತಾಲ್ಲೂಕುವಾರು ಬಳಕೆಯ ಲೆಕ್ಕ ಹಾಕಿ ಸ್ಟ್ರಿಪ್ ಮತ್ತು ಔಷಧಿ ಮಾತ್ರ ಕೇಳಿದೆವು. ಉಪಕರಣ ಬೇಕಾದರೆ ಹಣಕಾಸು ಆಯೋಗದ ಅನುದಾನದಲ್ಲೇ ಬರಲಿ, ಒಂದೇ ಮಾದರಿಯದು ಬರಲಿ ಎಂದು ಜಿಲ್ಲಾ ಮಟ್ಟದ ಸಭೆಯಲ್ಲಿ ಬರೆಸಿಕೊಂಡೆವು.

ಹೊಂದಾಣಿಕೆ ಎಂದರೆ ಮೇಲಿನವರು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದಲ್ಲ. ನಮ್ಮದು ತೊಗರಿ, ಹತ್ತಿ ಬೆಳೆಯುವ ನೆಲ. ಮುಂಗಾರು ಬಿತ್ತನೆ ಶುರುವಾದರೆ ಹಾವು ಕಡಿತದ ರೋಗಿಗಳು ಬರುತ್ತಲೇ ಇರುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಷನಿರೋಧಕ ಇದ್ದರೂ ರಿಯಾಕ್ಷನ್ ಆದೀತೆಂಬ ಭಯಕ್ಕೆ ಕೆಲವು ಕಿರಿಯ ವೈದ್ಯರು ಕೊಡದೆ ಮುಂದಿನ ಆಸ್ಪತ್ರೆಗೆ ಕಳಿಸಿಬಿಡುತ್ತಿದ್ದರು. ದಾರಿಯಲ್ಲಿ ಕಳೆಯುವ ಆ ಒಂದೆರಡು ಗಂಟೆ ಜೀವದ ಪ್ರಶ್ನೆ. ಅವರ ತರಬೇತಿಗೆ ಕೇಳಿದ ಹಣವನ್ನು ಮೊದಲ ಸಲ ಮೇಲಿನವರು ‘ಮಾರ್ಗಸೂಚಿಯಲ್ಲಿಲ್ಲ’ ಎಂದು ಹೊಡೆದು ಹಾಕಿದರು. ನನಗೆ ತುಂಬ ಸಂಕಟವಾಯಿತು. ಆದರೂ ಪ್ರತಿ ಕೇಂದ್ರದ ರಿಜಿಸ್ಟರಿನಿಂದ ಪ್ರಕರಣಗಳನ್ನು ಕೈಯಲ್ಲೇ ಎಣಿಸಿ ಇಟ್ಟುಕೊಂಡೆವು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಮುಂದಿನ ತಿಂಗಳೇ, 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. ಆಗ ನಮ್ಮ ಅಂಕಿ ಸಿದ್ಧವಿತ್ತು. ಅದೇ ಪ್ರಸ್ತಾವನೆಯನ್ನು ಈ ಸಲ ಯಾರೂ ಹೊಡೆದು ಹಾಕಲಿಲ್ಲ.

ತಿಂಗಳುಗಳ ಹೊಂದಾಣಿಕೆಯೂ ಒಂದು ತಲೆನೋವು. ಕೇಂದ್ರದ ಬಜೆಟ್ ಫೆಬ್ರವರಿ 1ಕ್ಕೆ, ರಾಜ್ಯದ್ದು ಸಾಮಾನ್ಯವಾಗಿ ಅದರ ನಂತರ, ನಮ್ಮ ತಯಾರಿ ಎರಡಕ್ಕೂ ಮೊದಲು. ಹಾಗಾಗಿ ಈಗ ದೀಪಾವಳಿ ಮುಗಿಯುತ್ತಿದ್ದಂತೆ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಕೂಡಿಸಿಕೊಂಡು ಹಾಳೆ ತೆರೆಯುತ್ತೇವೆ.

ಹೋದ ತಿಂಗಳು ಆ ಉಪಕೇಂದ್ರಕ್ಕೆ ಮತ್ತೆ ಹೋಗಿದ್ದೆ. ಅಲ್ಮೇರಾದಲ್ಲಿ ಒಂದೇ ಮಷಿನ್, ಪಕ್ಕದಲ್ಲಿ ಸ್ಟ್ರಿಪ್ ಡಬ್ಬಿಗಳು. ಸಿಸ್ಟರ್ ದಾಸ್ತಾನು ಪುಸ್ತಕ ತೋರಿಸಿ, ಇನ್ನೊಂದು ವಿಷಯ ಕೇಳಿದರು: ಕಫದ ಮಾದರಿ ಒಯ್ಯುವವನು ವಾರಕ್ಕೆ ಎರಡೇ ಸಲ ಬರುತ್ತಾನೆ, ಉಳಿದ ದಿನ ಬಂದವರನ್ನು ಏನು ಮಾಡಲಿ? ಕ್ಷಯದ ಸಾಲಿನಲ್ಲಿ ಸಾಗಣೆಯ ಮುಂದೆ ಐದೂ ಮನೆ ಇನ್ನೂ ಖಾಲಿ ಇವೆ. ಈ ದೀಪಾವಳಿಯ ನಂತರ ಮೊದಲು ತೆಗೆಯುವುದು ಅದೇ ಸಾಲನ್ನು.