ಚೀನೀ ಗೆಳೆಯರಿಗೆ ಇಂಗ್ಲಿಷ್ ಅನುವಾದ ಹೇಳಿಕೊಡುವುದು ಹೇಗೆ?

ನಮ್ಮಲ್ಲಿ ಸಿಇಟಿ ಅಂದರೆ ಪಿಯುಸಿ ಮುಗಿಸಿದವರ ತಲೆನೋವು. ಚೀನಾದಲ್ಲೂ ಒಂದು ಸಿಇಟಿ ಇದೆ. ಅದು ಕಾಲೇಜು ಸೇರಿದ ಮೇಲೆ ಶುರುವಾಗುವ ತಲೆನೋವು. ಕಾಲೇಜ್ ಇಂಗ್ಲಿಷ್ ಟೆಸ್ಟ್ ಅಂತ ಪೂರ್ತಿ ಹೆಸರು. 1987ರಿಂದ ನಡೆಯುತ್ತಿದೆ. ವರ್ಷಕ್ಕೆ ಎರಡು ಸಲ, ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ. ಎಂಜಿನಿಯರಿಂಗ್, ಮೆಡಿಕಲ್, ಕಾಮರ್ಸ್ ಓದುವವರೆಲ್ಲ ಬರೆಯುತ್ತಾರೆ. ನಾಲ್ಕನೇ ಹಂತದ ಪರೀಕ್ಷೆಯನ್ನು ಹುಡುಗರು ‘ಸಿಜಿ’ ಎನ್ನುತ್ತಾರೆ, ಆರನೇ ಹಂತದ್ದನ್ನು ‘ಲ್ಯೂಜಿ’. ಒಟ್ಟು 710 ಅಂಕ. ಪಾಸ್, ಫೇಲ್ ಅಂತ ಅಧಿಕೃತವಾಗಿ ಏನೂ ಇಲ್ಲ. ಆದರೆ 425 ಬಂದರೆ ಗೆದ್ದ ಹಾಗೆ ಅಂತ ಎಲ್ಲರ ಲೆಕ್ಕ. ಲ್ಯೂಜಿಗೆ ಕೂರಬೇಕಾದರೂ ಸಿಜಿಯಲ್ಲಿ ಅಷ್ಟು ತೆಗೆದಿರಬೇಕು.

ಚೀನಾದಲ್ಲಿ ಎಂಬಿಬಿಎಸ್ ಓದುವ, ಕೆಲಸ ಮಾಡುವ ಕನ್ನಡಿಗರಿದ್ದಾರೆ. ಆನ್‌ಲೈನ್‌ನಲ್ಲಿ ಇಂಗ್ಲಿಷ್ ಪಾಠ ಹೇಳುವವರೂ ಇದ್ದಾರೆ. ‘ನಿನ್ನ ಇಂಗ್ಲಿಷ್ ಚೆನ್ನಾಗಿದೆ, ನನಗೂ ಸ್ವಲ್ಪ ಹೇಳಿಕೊಡು’ ಅಂತ ಚೀನೀ ಗೆಳೆಯರೊಬ್ಬರು ಕೇಳಿದರೆ ಎಲ್ಲಿಂದ ಶುರು ಮಾಡುತ್ತೀರಿ? ಸುಮ್ನೆ ಇಂಗ್ಲಿಷ್‌ನಲ್ಲಿ ಹರಟೆ ಹೊಡೆದರೆ ಪರೀಕ್ಷೆಗೆ ಅಷ್ಟೇನೂ ಉಪಯೋಗವಿಲ್ಲ. ಅವರು ಎಡವುವ ಜಾಗ ಪ್ರಶ್ನೆಪತ್ರಿಕೆಯ ಕೊನೆಯಲ್ಲಿದೆ. ಚೀನೀ ಭಾಷೆಯ ಒಂದು ಪ್ಯಾರಾ ಕೊಟ್ಟು, ಇಂಗ್ಲಿಷ್‌ಗೆ ತನ್ನಿ ಅನ್ನುತ್ತಾರೆ. ಅದನ್ನು ಹೇಳಿಕೊಡಲು ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಕನ್ನಡವೂ ಗೊತ್ತಿರುವವರು ವಾಸಿ ಎನ್ನುವುದು ನನ್ನ ವಾದ.

ಮೊದಲು ಪತ್ರಿಕೆ ನೋಡಿ

2013ರ ಡಿಸೆಂಬರ್‌ಗೆ ಮುಂಚೆ ಅನುವಾದ ಅಂದರೆ ಐದು ಬಿಡಿ ವಾಕ್ಯ, ನೂರಕ್ಕೆ ಐದು ಪಾಲು ಅಂಕ. ಆಮೇಲೆ ಇಡೀ ಪ್ಯಾರಾ ಬಂತು. ಸಿಜಿಯಲ್ಲಿ 140ರಿಂದ 160 ಚೀನೀ ಅಕ್ಷರ, ಲ್ಯೂಜಿಯಲ್ಲಿ 180ರಿಂದ 200. ಸಮಯ 30 ನಿಮಿಷ. ಪಾಲು ನೂರಕ್ಕೆ 15, ಅಂದರೆ 710ರಲ್ಲಿ 106.5 ಅಂಕ. ಒಂದೊಂದು ಪದಕ್ಕೆ ಇಷ್ಟು ಅಂತ ಕಳೆಯುವುದಿಲ್ಲ. ಇಡೀ ಬರಹ ಓದಿ, ಒಟ್ಟಾರೆ ಹೇಗಿದೆ ಅಂತ 15ಕ್ಕೆ ಅಂಕ ಹಾಕುತ್ತಾರೆ. ಇದನ್ನು ಗೆಳೆಯರಿಗೆ ಮೊದಲೇ ಹೇಳಿಬಿಡಿ. ಒಂದು ಪದ ಗೊತ್ತಿಲ್ಲ ಅಂತ ಪೆನ್ನು ಕಚ್ಚುತ್ತಾ ಕೂರುವವರು ಬಹಳ ಜನ.

ವಿಷಯಗಳು ಹೆಚ್ಚಾಗಿ ಚೀನಾದವೇ: ಹಬ್ಬ, ಊಟ, ಇತಿಹಾಸ, ಈಗಿನ ಬದುಕು. ಒಂದೇ ಪರೀಕ್ಷೆಗೆ ಮೂರು ಸೆಟ್ ಇರುವುದರಿಂದ ಪಕ್ಕದವರಿಗೆ ಬಂದ ವಿಷಯ ನಿಮಗೆ ಬರಬೇಕೆಂದಿಲ್ಲ. 2017ರ ಜೂನ್ ಸಿಜಿಯಲ್ಲಿ ಮೂರು ನದಿಗಳು ಬಂದವು: ಯಾಂಗ್‌ಟ್ಸಿ, ಹಳದಿ ನದಿ, ಪರ್ಲ್ ನದಿ. ಮುಂದಿನ ಜೂನ್‌ನಲ್ಲಿ ಬಸ್ಸು, ಮೆಟ್ರೊ, ವಿಮಾನ. 2019ರ ಜೂನ್‌ನಲ್ಲಿ ಕಾಗದ ಕತ್ತರಿಸುವ ಕಲೆ, ಸಿಂಹ ನೃತ್ಯ, ಲಾಟೀನು. ಹಳೆಯ ಪತ್ರಿಕೆಗೆ ಅಲ್ಲಿ ‘ಝೆನ್‌ಟಿ’ ಎನ್ನುತ್ತಾರೆ. ಅದರ ಕಟ್ಟು ಎಲ್ಲ ಹಾಸ್ಟೆಲ್‌ಗಳಲ್ಲೂ ಸಿಗುತ್ತದೆ. ಅದನ್ನೇ ಪಠ್ಯ ಮಾಡಿಕೊಳ್ಳಿ, ಬೇರೆ ಗೈಡು ಬೇಡ.

ಪದಗಳ ಪಟ್ಟಿಯಿಂದ ಬಿಡಿಸಿ

ಸಿಜಿಗೆ ಸುಮಾರು 4,500 ಪದ ಬೇಕು ಅಂತ ಲೆಕ್ಕ. ಚೀನೀ ವಿದ್ಯಾರ್ಥಿಗಳ ಮಧ್ಯೆ ಒಂದು ಹಳೆಯ ಜೋಕ್ ಇದೆ. ಪದಗಳ ಪುಸ್ತಕ ತೆರೆದರೆ ಎ ಅಕ್ಷರದಲ್ಲಿ ಮೊದಲೇ ಸಿಗುವ ಪದ ‘ಅಬ್ಯಾಂಡನ್’, ಕೈಬಿಡು ಅಂತ. ಪ್ರತಿ ವರ್ಷ ಅಲ್ಲಿಂದ ಶುರು ಮಾಡುತ್ತಾರೆ, ಅಲ್ಲೇ ಕೈಬಿಡುತ್ತಾರೆ! ಅದಕ್ಕೇ ಅಕಾರಾದಿ ಬಿಟ್ಟು, ಪದಗಳನ್ನು ಕಲಸಿ ಅಚ್ಚು ಹಾಕಿದ ಪುಸ್ತಕಗಳೂ ಮಾರಾಟಕ್ಕಿವೆ. ಇನ್ನು ಪದ ಕಲಿಸುವ ಬಾಯ್‌ಸಿಝಾನ್, ಶಾನ್‌ಬೇ ತರಹದ ಆ್ಯಪ್‌ಗಳು. ಓದಿದ್ದು ಎಷ್ಟು ಬೇಗ ಮರೆತುಹೋಗುತ್ತದೆ ಅಂತ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹಾಸ್ 1885ರಲ್ಲಿ ಬರೆದಿದ್ದ. ಮರೆಯುವ ಹೊತ್ತಿಗೆ ಮತ್ತೆ ನೆನಪಿಸುವ ಈ ಆ್ಯಪ್‌ಗಳ ಲೆಕ್ಕ ಅಲ್ಲಿಂದ ಬಂದದ್ದು.

ಆ್ಯಪ್ ಒಳ್ಳೆಯದೇ. ಆದರೆ ಅದು ಕಲಿಸುವುದು ಪದವನ್ನು ಗುರುತು ಹಿಡಿಯಲು. ಅನುವಾದಕ್ಕೆ ಬೇಕಾದದ್ದು ಪದವನ್ನು ತಾನಾಗಿ ತೆಗೆದು ಬಳಸುವುದು. ಇವೆರಡೂ ಬೇರೆ ಬೇರೆ ಕೆಲಸ.

ಚೀನೀ ಭಾಷೆಯ ‘ಕಾಯ್’ ತಗೊಳ್ಳಿ. ಮೊದಲ ಅರ್ಥ ತೆರೆ. ಬಾಗಿಲಿಗೂ ಕಾಯ್, ದೀಪಕ್ಕೂ ಕಾಯ್, ಕಾರಿಗೂ ಕಾಯ್, ಮೀಟಿಂಗಿಗೂ ಕಾಯ್. ಇಂಗ್ಲಿಷ್‌ನಲ್ಲಿ ಓಪನ್, ಟರ್ನ್ ಆನ್, ಡ್ರೈವ್, ಹೋಲ್ಡ್ ಅಂತ ನಾಲ್ಕು ಬೇಕು. ಇದು ಗೊತ್ತಿಲ್ಲದವರು ‘ಓಪನ್ ದ ಲೈಟ್’ ಅನ್ನುತ್ತಾರೆ. ನಗಬೇಡಿ. ನಾವು ಶರ್ಟ್ ಹಾಕುತ್ತೇವೆ, ಫ್ಯಾನ್ ಹಾಕುತ್ತೇವೆ, ಬೀಗ ಹಾಕುತ್ತೇವೆ, ಕಾಫಿಗೆ ಸಕ್ಕರೆ ಹಾಕುತ್ತೇವೆ. ‘ಪುಟ್ ದ ಫ್ಯಾನ್’ ಎನ್ನುವ ಇಂಗ್ಲಿಷ್ ನಮ್ಮ ಮನೆಗಳಲ್ಲೂ ಕೇಳಿದ್ದೇವೆ, ಅಲ್ವಾ?

ಆದ್ದರಿಂದ ಹೀಗೆ ಮಾಡಿಸಿ. ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆಯಬಾರದು. ಜೊತೆಗೆ ಬರುವ ಪದವೂ ಇರಬೇಕು. ‘ನಾಲೆಡ್ಜ್’ ಎಂದು ಬರೆದರೆ ಪಕ್ಕದಲ್ಲಿ ‘ಗೇನ್ ನಾಲೆಡ್ಜ್’. ಇಲ್ಲದಿದ್ದರೆ ಚೀನೀ ರೂಢಿಯಂತೆ ‘ಲರ್ನ್ ನಾಲೆಡ್ಜ್’ ಬರೆದುಬಿಡುತ್ತಾರೆ. ಪದಗಳನ್ನು ವಿಷಯದ ಮೇಲೆ ಗುಂಪು ಮಾಡಿಸಿ. ನದಿ ಎಂದರೆ ಹುಟ್ಟುವುದು, ಹರಿಯುವುದು, ಪ್ರವಾಹ, ನೀರಾವರಿ, ನದಿ ಬಯಲು. ಒಂದು ಗುಂಪಿಗೆ ಹದಿನೈದು ಪದ ಸಾಕು. ದಿನಕ್ಕೆ ನೂರು ಪದ ಅಂತ ಹೊರಟವರು ಮತ್ತೆ ಅಬ್ಯಾಂಡನ್‌ಗೇ ಬಂದು ನಿಲ್ಲುತ್ತಾರೆ.

ವಾಕ್ಯ ಬಿಚ್ಚಿ, ಮತ್ತೆ ಜೋಡಿಸಿ

ಕನ್ನಡ ಕೈ ಹಿಡಿಯುವುದು ಇಲ್ಲಿ. ಚೀನೀ ಭಾಷೆಯಲ್ಲಿ ‘ವೋ ಜುವೋಟಿಯಾನ್ ಮಾಯ್ ದ ಶು’ ಅಂದರೆ ‘ನಾನು ನಿನ್ನೆ ಕೊಂಡ ಪುಸ್ತಕ’. ಪದಗಳ ಸಾಲು ನೋಡಿ. ವೋ ನಾನು, ಜುವೋಟಿಯಾನ್ ನಿನ್ನೆ, ಮಾಯ್ ದ ಕೊಂಡ, ಶು ಪುಸ್ತಕ. ಕನ್ನಡದ ಸಾಲೇ! ಇಂಗ್ಲಿಷ್‌ನಲ್ಲಿ ಪುಸ್ತಕ ಮೊದಲು ಬರುತ್ತದೆ, ವಿವರ ಆಮೇಲೆ: ‘ದ ಬುಕ್ ಐ ಬಾಟ್ ಯೆಸ್ಟರ್‌ಡೇ’. ‘ನಾನು ಬೀಜಿಂಗ್‌ನಲ್ಲಿ ಓದುತ್ತೇನೆ’ ಎನ್ನುವಾಗಲೂ ಚೀನೀಯರು ನಮ್ಮಂತೆ ಊರನ್ನು ಕ್ರಿಯೆಗೆ ಮೊದಲೇ ಹೇಳುತ್ತಾರೆ. ಇಂಗ್ಲಿಷ್ ಕೊನೆಗೆ ತಳ್ಳುತ್ತದೆ. ಇಂಗ್ಲಿಷ್ ಒಂದನ್ನೇ ಬಲ್ಲ ಮೇಷ್ಟ್ರಿಗೆ ವಿದ್ಯಾರ್ಥಿ ಯಾಕೆ ತಡವರಿಸುತ್ತಾನೆ ಅನ್ನುವುದೇ ಹೊಳೆಯುವುದಿಲ್ಲ. ನೀವು ಹೈಸ್ಕೂಲಿನಲ್ಲಿ ಇದೇ ದಾರಿಯಲ್ಲಿ ನಡೆದವರು.

ಹಾಗಂತ ಎರಡೂ ಭಾಷೆ ಒಂದೇ ಅಲ್ಲ. ಮುಖ್ಯ ವಾಕ್ಯದಲ್ಲಿ ಚೀನೀಯರು ಇಂಗ್ಲಿಷ್‌ನಂತೆ ಕ್ರಿಯೆಯನ್ನು ನಡುವೆಯೇ ಇಡುತ್ತಾರೆ. ಅವರ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದೇ ಇಲ್ಲ. ಹೋದ, ಹೋಗುತ್ತಾನೆ, ಹೋಗುವನು, ಎಲ್ಲಕ್ಕೂ ‘ಚ್ಯೂ’. ಕಾಲ ತಿಳಿಯಬೇಕಾದರೆ ಸುತ್ತಲಿನ ಪದ ನೋಡಬೇಕು. ಅದಕ್ಕೇ ಪ್ಯಾರಾ ಕೈಗೆ ಬಂದ ಕೂಡಲೇ ಮೊದಲ ಕೆಲಸ, ಕಾಲ ಹೇಳುವ ಪದಗಳಿಗೆ ಗೆರೆ ಎಳೆಯುವುದು. ರಾಜವಂಶದ ಹೆಸರಿದ್ದರೆ ಭೂತಕಾಲ. ‘ಈಗ’ ಇದ್ದರೆ ವರ್ತಮಾನ. ‘ಅಂದಿನಿಂದ’ ಇದ್ದರೆ ‘ಹ್ಯಾಸ್ ಬೀನ್’ ಬೇಕು.

ಎರಡನೇ ಕೆಲಸ ಕತ್ತರಿಸುವುದು. ಚೀನೀ ಬರಹದಲ್ಲಿ ಅಲ್ಪವಿರಾಮ ಹಾಕುತ್ತಾ ಐದಾರು ಮಾತು ಒಂದೇ ವಾಕ್ಯದಲ್ಲಿ ಹೋಗುತ್ತವೆ. ಪೂರ್ಣವಿರಾಮ ಕೊನೆಗೆ ಎಲ್ಲೋ. ಮಾಡುವವರು ಯಾರು ಎನ್ನುವುದು ಬದಲಾದ ಕಡೆ ಕತ್ತರಿಸಿ. ಮೂರನೆಯದು, ಪ್ರತಿ ತುಂಡಿಗೂ ಕರ್ತೃ ಹುಡುಕುವುದು. ‘ಬಂದೆ’ ಎಂದರೆ ನಾನು ಅಂತ ಕನ್ನಡದಲ್ಲಿ ಗೊತ್ತಾಗುತ್ತದೆ. ಚೀನೀ ಭಾಷೆಯಲ್ಲಿ ಆ ಸುಳಿವೂ ಇರುವುದಿಲ್ಲ. ಇಂಗ್ಲಿಷ್‌ನಲ್ಲಿ ಮಾತ್ರ ಕರ್ತೃ ಬರೆಯಲೇಬೇಕು. ಸಿಗದಿದ್ದರೆ ‘ಪೀಪಲ್’ ಹಾಕಿ, ಇಲ್ಲವೇ ಕರ್ಮಣಿಗೆ ತಿರುಗಿಸಿ.

ಒಂದು ಮಾದರಿ ನೋಡೋಣ. ಚಹಾ ಬಗ್ಗೆ ಚೀನೀ ವಾಕ್ಯವೊಂದನ್ನು ಹಾಗೆಯೇ ಕನ್ನಡದ ಪದಗಳಲ್ಲಿ ಇಟ್ಟರೆ ಹೀಗಿರುತ್ತದೆ: ‘ಚಹಾ ಚೀನಾದಲ್ಲಿ ಸಾವಿರಾರು ವರ್ಷದ ಇತಿಹಾಸ ಇರು, ಮೊದಲು ಔಷಧಿ ಎಂದು ಕುಡಿ, ಟಾಂಗ್ ವಂಶದ ಹೊತ್ತಿಗೆ ದಿನನಿತ್ಯದ ಪಾನೀಯ ಆಗು, ಈಗ ಅತಿಥಿ ಬಂದಾಗ ಚಹಾ ಕೊಡು, ಗೌರವ ತೋರಿಸು.’ ಒಂದೇ ವಾಕ್ಯ. ಕಾಲವಿಲ್ಲ, ಕುಡಿದವರು ಯಾರು ಅಂತ ಇಲ್ಲ.

ಗೆರೆ ಎಳೆಯಬೇಕಾದ್ದು ‘ಮೊದಲು’, ‘ಟಾಂಗ್ ವಂಶ’, ‘ಈಗ’. ಟಾಂಗ್ ಅಂದರೆ 618ರಿಂದ 907, ಮುಗಿದ ಕಾಲ. ಕತ್ತರಿಸಿದರೆ ಮೂರು ತುಂಡು. ಮೊದಲನೆಯದು: ‘ಟೀ ಹ್ಯಾಸ್ ಎ ಹಿಸ್ಟರಿ ಆಫ್ ಥೌಸಂಡ್ಸ್ ಆಫ್ ಇಯರ್ಸ್ ಇನ್ ಚೈನಾ.’ ಎರಡನೆಯದರಲ್ಲಿ ಕುಡಿದವರು ಬೇಡ, ಚಹಾವನ್ನೇ ಕರ್ತೃ ಮಾಡಿ: ‘ಅಟ್ ಫಸ್ಟ್ ಇಟ್ ವಾಸ್ ಡ್ರಂಕ್ ಆಸ್ ಎ ಮೆಡಿಸಿನ್, ಬಟ್ ಬೈ ದ ಟಾಂಗ್ ಡೈನಸ್ಟಿ ಇಟ್ ಹ್ಯಾಡ್ ಬಿಕಮ್ ಎ ಡೈಲಿ ಡ್ರಿಂಕ್.’ ಮೂರನೆಯದಕ್ಕೆ ‘ಪೀಪಲ್’: ‘ಟುಡೇ, ವೆನ್ ಗೆಸ್ಟ್ಸ್ ಕಮ್, ಪೀಪಲ್ ಸರ್ವ್ ದೆಮ್ ಟೀ ಟು ಶೋ ರೆಸ್ಪೆಕ್ಟ್.’ ಇದರಲ್ಲಿ ಎಂಟನೇ ಕ್ಲಾಸಿಗೆ ಮೀರಿದ ಪದ ‘ಡೈನಸ್ಟಿ’ ಒಂದೇ. ಇಷ್ಟು ನೇರವಾಗಿ ಬರೆದರೆ ಒಳ್ಳೆಯ ಅಂಕ ಬರುತ್ತದೆ.

ಅನುವಾದದ ಕ್ಲಾಸುಗಳಲ್ಲಿ ಯಾನ್ ಫು ಹೆಸರು ಬಾರದೇ ಇರುವುದಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಹಕ್ಸ್ಲಿಯ ಬರಹವನ್ನು ಚೀನೀ ಭಾಷೆಗೆ ತಂದ ಅವರು, ಅನುವಾದಕ್ಕೆ ಮೂರು ಗುಣ ಬೇಕು ಎಂದು 1898ರಲ್ಲಿ ಬರೆದರು: ‘ಶಿನ್, ದಾ, ಯಾ’. ಮೂಲಕ್ಕೆ ನಿಷ್ಠೆ, ಓದುಗರಿಗೆ ತಲುಪುವುದು, ಸೊಗಸು. ನನ್ನನ್ನು ಕೇಳಿದರೆ ಪರೀಕ್ಷೆಗೆ ಮೊದಲ ಎರಡೇ ಸಾಕು. ಸೊಗಸಿನ ಆಸೆಗೆ ಬಿದ್ದವರು ಅರ್ಧಂಬರ್ಧ ಗೊತ್ತಿರುವ ದೊಡ್ಡ ಪದ ಹಾಕಿ ಕೆಡಿಸಿಕೊಳ್ಳುತ್ತಾರೆ.

ಸಂಖ್ಯೆ ಬಂದರೆ ಸೊನ್ನೆ ಬರೆಯಿರಿ

ಚೀನೀಯರಿಗೆ ಮಿಲಿಯನ್ ಕಷ್ಟ, ನಮಗೂ ಅಷ್ಟೇ. ನಾವು ಲಕ್ಷ, ಕೋಟಿಯಲ್ಲಿ ಯೋಚಿಸುತ್ತೇವೆ. ಅವರದು ‘ವಾನ್’, ಅಂದರೆ ಹತ್ತು ಸಾವಿರ. ಆಮೇಲೆ ‘ಯಿ’, ಅಂದರೆ ಹತ್ತು ಕೋಟಿ. 300 ವಾನ್ ಅಂದರೆ ನಮ್ಮ 30 ಲಕ್ಷ, ಇಂಗ್ಲಿಷ್‌ನ 3 ಮಿಲಿಯನ್. 14 ಯಿ ಅಂದರೆ 140 ಕೋಟಿ, 1.4 ಬಿಲಿಯನ್. ಬಾಯಲ್ಲೇ ಲೆಕ್ಕ ಹಾಕಲು ಹೋದರೆ ಒಂದು ಸೊನ್ನೆ ಜಾರಿಹೋಗುತ್ತದೆ. ಎಲ್ಲ ಸೊನ್ನೆ ಬರೆದು, ಬಲದಿಂದ ಮೂರು ಮೂರಕ್ಕೆ ಅಲ್ಪವಿರಾಮ ಹಾಕಿಸಿ. ಮೊದಲ ವಿರಾಮ ಥೌಸಂಡ್, ಎರಡನೆಯದು ಮಿಲಿಯನ್, ಮೂರನೆಯದು ಬಿಲಿಯನ್.

ಗೊತ್ತಿಲ್ಲದ ಪದಕ್ಕೆ ಸುತ್ತುದಾರಿ

ಮಣಿಚೌಕಟ್ಟಿಗೆ ‘ಅಬ್ಯಾಕಸ್’ ಅನ್ನುವುದು ನೆನಪಾಗಲಿಲ್ಲ ಅಂದುಕೊಳ್ಳಿ. ಮಣಿಗಳಿಂದ ಲೆಕ್ಕ ಮಾಡುವ ಹಳೆಯ ಸಾಧನ ಅಂತ ಬರೆದರೂ ನಡೆಯುತ್ತದೆ. ಖಾಲಿ ಬಿಡುವುದಕ್ಕಿಂತ ಎಷ್ಟೋ ವಾಸಿ. ಇದನ್ನು ಆಟದ ಹಾಗೆ ಅಭ್ಯಾಸ ಮಾಡಿಸಬಹುದು. ನೀವು ಒಂದು ವಸ್ತು ಹೇಳಿ, ಅದರ ಹೆಸರು ಬಳಸದೆ ಅವರು ಇಂಗ್ಲಿಷ್‌ನಲ್ಲಿ ವಿವರಿಸಲಿ.

ನಾಲ್ಕು ಅಕ್ಷರದ ಗಾದೆಯಂಥ ಮಾತುಗಳಿಗೆ ‘ಚೆಂಗ್‌ಯು’ ಎನ್ನುತ್ತಾರೆ. ಅವು ಬಂದಾಗ ಅಕ್ಷರಕ್ಕೆ ಅಕ್ಷರ ಇಡಬಾರದು. ‘ರೆನ್ ಶಾನ್ ರೆನ್ ಹಾಯ್’ ಅಂದರೆ ಜನಬೆಟ್ಟ, ಜನಕಡಲು. ‘ಪೀಪಲ್ ಮೌಂಟನ್ ಪೀಪಲ್ ಸೀ’ ಎಂಬ ತಮಾಷೆಯ ಇಂಗ್ಲಿಷ್ ಅಲ್ಲಿ ಹೆಸರುವಾಸಿ. ‘ಹ್ಯೂಜ್ ಕ್ರೌಡ್ಸ್’ ಎಂದರೆ ಮುಗಿಯಿತು.

ವಾರದ ಅಭ್ಯಾಸ

ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವುದು ತಿರುಗಿ ಅನುವಾದ ಮಾಡುವ ವಿಧಾನ. ಚೆನ್ನಾಗಿ ಬರೆದ ಒಂದು ಸಣ್ಣ ಇಂಗ್ಲಿಷ್ ಪ್ಯಾರಾ ಆರಿಸಿ. ಚೈನಾ ಡೈಲಿ ಪತ್ರಿಕೆ ಎರಡೂ ಭಾಷೆಯಲ್ಲಿ ಸುದ್ದಿ ಕೊಡುತ್ತದೆ, ಅದು ಅನುಕೂಲ. ಗೆಳೆಯರು ಆ ಪ್ಯಾರಾವನ್ನು ಚೀನೀ ಭಾಷೆಗೆ ತರಲಿ. ಎರಡು ಮೂರು ದಿನ ಮುಚ್ಚಿಡಿ. ಆಮೇಲೆ ತಮ್ಮದೇ ಚೀನೀ ಬರಹ ನೋಡಿ ಇಂಗ್ಲಿಷ್‌ಗೆ ತರಲಿ. ಮೂಲದ ಪಕ್ಕದಲ್ಲಿಟ್ಟರೆ ಎಲ್ಲಿ ದಾರಿ ತಪ್ಪಿತು ಅಂತ ಅವರಿಗೇ ಕಾಣುತ್ತದೆ. ತಿದ್ದಲು ನೀವು ಇರಲೇಬೇಕು ಅಂತಲೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡ ಇಟ್ಟುಕೊಂಡು ಇದನ್ನೇ ಮಾಡಬಹುದು.

ತಪ್ಪುಗಳಿಗೆ ಬೇರೆ ಪುಸ್ತಕ ಇಡುವ ರೂಢಿ ಚೀನೀ ಮಕ್ಕಳಿಗೆ ಶಾಲೆಯಿಂದಲೇ ಇದೆ, ‘ಚುಓಟಿ ಬೆನ್’ ಅಂತ. ಅದರಲ್ಲಿ ಅನುವಾದಕ್ಕೂ ನಾಲ್ಕು ಹಾಳೆ ಬಿಡಿಸಿ. ಒಂದಕ್ಕೆ ‘ಎ’ ಮತ್ತು ‘ದ’ ಬಿಟ್ಟದ್ದು. ಇನ್ನೊಂದಕ್ಕೆ ಬಹುವಚನದ ಎಸ್ ಮರೆತದ್ದು. ಮೂರನೆಯದಕ್ಕೆ ಹೀ, ಶೀ ಅದಲುಬದಲು. ಚೀನೀ ಮಾತಿನಲ್ಲಿ ಅವನು, ಅವಳು ಎರಡೂ ‘ಟಾ’, ಬರೆಯುವ ಅಕ್ಷರ ಮಾತ್ರ ಬೇರೆ. ನಾಲ್ಕನೆಯದು ಆಲ್‌ದೋ ಹಾಕಿದ ಮೇಲೆ ಮತ್ತೆ ಬಟ್ ಹಾಕಿದ್ದು. ಅವರ ಭಾಷೆಯಲ್ಲಿ ‘ಸುಯಿರಾನ್’ ಬಂದರೆ ‘ದಾನ್‌ಶಿ’ ಬರಬೇಕು, ಜೋಡಿ ಪದ. ಇಂಗ್ಲಿಷ್‌ನಲ್ಲಿ ಒಂದೇ ಸಾಕು.

ಯಂತ್ರಾನುವಾದ ಬೇಡವೇ ಬೇಡ ಎಂದರೆ ಯಾರೂ ಕೇಳುವುದಿಲ್ಲ. ಮೊದಲು ಕೈಯಲ್ಲಿ ಬರೆಯಲಿ, ಆಮೇಲೆ ಯೌದಾವ್ ಎಂಬ ಚೀನೀ ಅನುವಾದದ ಆ್ಯಪ್‌ಗೆ ಹಾಕಿ ಹೋಲಿಸಲಿ. ಈ ಕ್ರಮ ತಿರುಗುಮುರುಗಾದರೆ ಅದು ಅಭ್ಯಾಸವಲ್ಲ, ನಕಲು.

ಇನ್ನು ಪರೀಕ್ಷೆಯ ದಿನ. ಮೊದಲು ಪ್ರಬಂಧ, ಆಮೇಲೆ ಆಲಿಸುವ ಭಾಗ. ಬಳಿಕ ಓದಿ ಉತ್ತರಿಸುವುದಕ್ಕೂ ಅನುವಾದಕ್ಕೂ ಸೇರಿ 70 ನಿಮಿಷ. ಓದುವ ಭಾಗ ಆ ಹೊತ್ತನ್ನೆಲ್ಲ ನುಂಗಿಬಿಡುತ್ತದೆ. ಅದನ್ನು 40 ನಿಮಿಷಕ್ಕೆ ನಿಲ್ಲಿಸುವುದು ಮನೆಯಲ್ಲೇ ಗಡಿಯಾರ ಇಟ್ಟು ರೂಢಿಯಾಗಬೇಕು. ಅನುವಾದದ 30 ನಿಮಿಷದಲ್ಲಿ ಗೆರೆ ಎಳೆದು ಕತ್ತರಿಸಲು ಐದು, ಬರೆಯಲು ಇಪ್ಪತ್ತು. ಉಳಿದ ಐದರಲ್ಲಿ ಹೊಸ ಪದ ಹುಡುಕಬಾರದು. ತಪ್ಪಿನ ಪುಸ್ತಕದ ಆ ನಾಲ್ಕು ಹಾಳೆಗಳನ್ನು ನೆನಪಿಸಿಕೊಂಡು, ಒಂದೊಂದಕ್ಕೂ ಒಂದು ಸಲ ಇಡೀ ಪ್ಯಾರಾ ಓದಿದರೆ ಸಾಕು.